ಬಾಲದ ಗಾಲಿಯಿಂದ ಮೂತಿಯ ಗಾಲಿಗೆ

ಸಣ್ಣ ವಿಮಾನವು ನೆಲ ಮುಟ್ಟಿ ಓಡುತ್ತಿರುವಾಗ ಚಾಲಕನ ಹಿಡಿತ ತಪ್ಪಿ ಗಿರ್ರನೆ ತಿರುಗಿಬಿಡುವುದನ್ನು ವೈಮಾನಿಕರು ‘ಗ್ರೌಂಡ್ ಲೂಪ್’ ಎನ್ನುತ್ತಾರೆ. ಹೀಗೆ ತಿರುಗಿದಾಗ ಹೊರಬದಿಯ ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತದೆ, ಕೆಲವೊಮ್ಮೆ ಗಾಲಿಯ ಕಾಲೇ ಮುರಿಯುತ್ತದೆ. ಈ ಅವಘಡದ ಚರಿತ್ರೆಯು ಬಹುಮಟ್ಟಿಗೆ ವಿಮಾನದ ಮೂರನೆಯ ಗಾಲಿ ಎಲ್ಲಿರಬೇಕೆಂಬ ಪ್ರಶ್ನೆಯ ಚರಿತ್ರೆಯೂ ಆಗಿದೆ.

1938ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಪೈಪರ್ ಜೆ-3 ಕಬ್‌ನಂತಹ ವಿಮಾನಗಳಲ್ಲಿ ಎರಡು ದೊಡ್ಡ ಗಾಲಿಗಳು ಮುಂದಕ್ಕೂ ಒಂದು ಪುಟ್ಟ ಗಾಲಿ ಬಾಲದಡಿಗೂ ಇದ್ದವು. ಈ ಜೋಡಣೆ ಹಗುರವಾಗಿತ್ತು. ಮೂತಿ ಮೇಲೆದ್ದಿರುತ್ತಿದ್ದುದರಿಂದ ಉಬ್ಬುತಗ್ಗಿನ ಹುಲ್ಲುಗಾವಲಿನಲ್ಲಿಯೂ ಪ್ರೊಪೆಲ್ಲರ್ ನೆಲಕ್ಕೆ ತಗಲುತ್ತಿರಲಿಲ್ಲ. ಆದರೆ ವಿಮಾನದ ಇಡೀ ತೂಕ ನೆಲೆಸಿದಂತೆ ವರ್ತಿಸುವ ಬಿಂದು, ಅಂದರೆ ಗುರುತ್ವಕೇಂದ್ರವು, ದೊಡ್ಡ ಗಾಲಿಗಳ ಹಿಂದಿತ್ತು. ಆದ್ದರಿಂದ ಓಟದಲ್ಲಿ ಮೂತಿ ತುಸು ಓರೆಯಾದರೆ ಹಿಂದಿನ ಭಾರವು ಆ ಓರೆಯನ್ನು ಇನ್ನಷ್ಟು ಹೆಚ್ಚಿಸುತ್ತಿತ್ತು. ಮೇಲೆದ್ದ ಮೂತಿಯಿಂದಾಗಿ ಎದುರಿನ ನೆಲ ಕಾಣದ ಚಾಲಕನು ಇಕ್ಕೆಲದ ಅಂಚುಗಳನ್ನು ನೋಡುತ್ತ, ಬಾಲದ ಚುಕ್ಕಾಣಿಯಾದ ರಡ್ಡರನ್ನು ಪೆಡಲುಗಳ ಮೂಲಕ ಎಡಬಲಕ್ಕೆ ಚುರುಕಾಗಿ ಒತ್ತುತ್ತ, ವಿಮಾನ ಪೂರ್ತಿ ನಿಲ್ಲುವವರೆಗೂ ಅದನ್ನು ನೇರವಾಗಿಡಬೇಕಾಗಿತ್ತು.

ಹಳೆಯ ಹುಲ್ಲುಬಯಲುಗಳು ಈ ದೋಷವನ್ನು ಸಹಿಸಿಕೊಂಡಿದ್ದವು. ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಅದಕ್ಕೆ ಎದುರಾಗಿಯೇ ಇಳಿಯಲು ಅಲ್ಲಿ ಅವಕಾಶವಿತ್ತು. ಗಾಲಿಗಳು ಹುಲ್ಲಿನ ಮೇಲೆ ಪಕ್ಕಕ್ಕೆ ಕೊಂಚ ಜಾರಿದರೂ ಅಪಾಯವಿರಲಿಲ್ಲ. ಕಾಂಕ್ರೀಟಿನ ಇಕ್ಕಟ್ಟಾದ ರನ್‌ವೇ ಬಂದ ಮೇಲೆ ಅಡ್ಡಗಾಳಿಯಲ್ಲಿಯೂ ಅದರ ಜಾಡಿನಲ್ಲಿಯೇ ಇಳಿಯುವುದು ಅನಿವಾರ್ಯವಾಯಿತು, ಮತ್ತು ಗಟ್ಟಿ ನೆಲವು ಓರೆಯಾಗಿ ಇಳಿದ ಗಾಲಿಯನ್ನು ಕಚ್ಚಿ ಹಿಡಿಯತೊಡಗಿತು.

ಮೂತಿಯಡಿ ಗಾಲಿಯಿಡುವ ಕ್ರಮವನ್ನು ವಿಮಾನ ನಿರ್ಮಾಪಕ ಗ್ಲೆನ್ ಕರ್ಟಿಸ್ ಬಹಳ ಹಿಂದೆಯೇ ಬಳಸಿದ್ದನಾದರೂ, ಅದನ್ನು ಖಾಸಗಿ ಚಾಲಕನ ಸುರಕ್ಷತೆಗಾಗಿ ಬೆಳೆಸಿದವನು ಎಂಜಿನಿಯರ್ ಫ್ರೆಡ್ ವೈಕ್. ಅವನು ರೂಪಿಸಿದ, 1937ರಲ್ಲಿ ಮೊದಲು ಹಾರಿದ ಎರ್ಕೂಪ್ ವಿಮಾನದಲ್ಲಿ ಗುರುತ್ವಕೇಂದ್ರವು ಮುಖ್ಯ ಗಾಲಿಗಳ ಮುಂದೆ ಬಂದುದರಿಂದ, ಓರೆಯಾಗಿ ನೆಲ ಮುಟ್ಟಿದ ವಿಮಾನ ತಾನಾಗಿಯೇ ನೇರವಾಗುತ್ತಿತ್ತು. 1956ರಲ್ಲಿ ಮಾರಾಟಕ್ಕೆ ಬಂದ ಸೆಸ್ನಾ 172 ಈ ಜೋಡಣೆಯನ್ನು ಜಗತ್ತಿನಾದ್ಯಂತ ರೂಢಿಗೆ ತಂದಿತು.

ಬೆಂಗಳೂರಿನ ವಿಮಾನ ನಿರ್ಮಾಣದಲ್ಲಿಯೂ ಇದೇ ಪಲ್ಲಟದ ಗುರುತುಗಳಿವೆ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಹಾರಿದ ಎಚ್‌ಟಿ-2 ತರಬೇತಿ ವಿಮಾನಕ್ಕೂ, ಫ್ಲೈಯಿಂಗ್ ಕ್ಲಬ್ಬುಗಳಿಗಾಗಿ ತಯಾರಾಗಿ 1958ರಲ್ಲಿ ಹಾರಿದ ಪುಷ್ಪಕ್‌ಗೂ ಬಾಲದ ಗಾಲಿಯಿತ್ತು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಿಂದ 1993ರಲ್ಲಿ ಮೇಲೆದ್ದ ಹಂಸಕ್ಕೆ ಮೂತಿಯ ಗಾಲಿ ಬಂದಿತು.

ಆದರೂ ಅವಘಡ ಅಳಿಯಲಿಲ್ಲ, ರೂಪ ಬದಲಿಸಿತು. ವೇಗ ಹೆಚ್ಚಾಗಿ ಇಳಿದ ವಿಮಾನವು ಮೂತಿಯ ಗಾಲಿಯ ಮೇಲೆ ಕುಪ್ಪಳಿಸುತ್ತದೆ. ಅಡ್ಡಗಾಳಿ ಇಂದಿಗೂ ರನ್‌ವೇಯಿಂದ ಆಚೆಗೆ ತಳ್ಳುತ್ತದೆ. ವಿನ್ಯಾಸವು ಚಾಲಕನ ಸಣ್ಣ ತಪ್ಪುಗಳನ್ನು ಮನ್ನಿಸುವ ಗುಣವನ್ನು ವಿಮಾನಕ್ಕೆ ಕೊಟ್ಟಿತು. ಗಾಲಿಗಳು ಪೂರ್ತಿ ನಿಲ್ಲುವವರೆಗೆ ಹಾರಾಟ ಮುಗಿಯಲಿಲ್ಲವೆಂಬ ಬಾಲದ ಗಾಲಿಯ ಕಾಲದ ಶಿಸ್ತನ್ನು ಮಾತ್ರ ಚಾಲಕನೇ ಉಳಿಸಿಕೊಳ್ಳಬೇಕಾಗಿದೆ.