ಕಾಲುವೆಯ ಕೆಳಭಾಗದ ಕರೆಂಟು

ರಾಯಚೂರಿನ ವಿದ್ಯುತ್ ಎಂದರೆ ಹೊರಗಿನವರಿಗೆ ನೆನಪಾಗುವುದು ಶಕ್ತಿನಗರದ ಚಿಮಣಿಗಳು. ಕೃಷ್ಣೆಯ ದಂಡೆಯ ಆ ಶಾಖೋತ್ಪನ್ನ ಕೇಂದ್ರದ ಮೊದಲ 210 ಮೆಗಾವಾಟ್ ಘಟಕ 1985ರಲ್ಲಿ ಚಾಲೂ ಆಯಿತು. ಅದಾಗಿ ಕೆಲವೇ ವರ್ಷಗಳಲ್ಲಿ ಅದೇ ಕರ್ನಾಟಕ ವಿದ್ಯುತ್ ನಿಗಮ ಇದೇ ಜಿಲ್ಲೆಯಲ್ಲಿ ಕಲ್ಲಿದ್ದಲು ಬೇಡದ, ಹೊಗೆಯೂ ಇಲ್ಲದ ಇನ್ನೊಂದು ಕೆಲಸಕ್ಕೆ ಕೈಹಾಕಿತು. ಅದರ ಕಥೆ ಹೆಚ್ಚು ಜನರಿಗೆ ಗೊತ್ತಿಲ್ಲ.

ಆ ಕಥೆಯ ಬೇರು ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿದೆ. ಅಣೆಕಟ್ಟಿಗೆ 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆಯಾದಾಗ ಎಡದಂಡೆ ನಿಜಾಮರ ಹೈದರಾಬಾದ್ ಸಂಸ್ಥಾನದ್ದು, ಬಲದಂಡೆ ಮದ್ರಾಸ್ ಪ್ರಾಂತ್ಯದ್ದು. 1953ರಲ್ಲಿ ನೀರು ಹರಿಯಿತು. ಗಂಗಾವತಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರಿನವರೆಗೆ ಬರುವ ಈ ಕಾಲುವೆ ಇನ್ನೂರು ಕಿಲೋಮೀಟರಿಗೂ ಉದ್ದ. ಇಲ್ಲಿನ ರೈತರು ಇಂದಿಗೂ ಅದನ್ನು ಮೈಲಿನಲ್ಲೇ ಅಳೆಯುತ್ತಾರೆ. 69ನೇ ಮೈಲಿನಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಎಷ್ಟು, 104ನೇ ಮೈಲಿನಲ್ಲಿ ಎಷ್ಟು ಎಂಬುದರ ಮೇಲೆ ಅವರ ವರ್ಷದ ಲೆಕ್ಕ ನಿಂತಿರುತ್ತದೆ.

ಕಾಲುವೆಯ ಇಳಿಜಾರು ಬಹಳ ಮೆಲ್ಲಗಿರಬೇಕು. ನೀರು ರಭಸವಾಗಿ ಓಡಿದರೆ ಮಣ್ಣಿನ ಏರಿ ಕೊಚ್ಚಿಹೋಗುತ್ತದೆ. ಆದರೆ ನೆಲ ಅದಕ್ಕಿಂತ ಬೇಗ ತಗ್ಗುತ್ತ ಹೋಗುತ್ತದೆ. ಆದ್ದರಿಂದ ಅಲ್ಲಲ್ಲಿ ಕಲ್ಲುಕಟ್ಟಡ ಕಟ್ಟಿ ನೀರನ್ನು ಒಮ್ಮೆಗೇ ಕೆಳಕ್ಕೆ ಬೀಳಿಸಬೇಕು. ಎಂಜಿನಿಯರರ ಮಾತಿನಲ್ಲಿ ಅದು ಡ್ರಾಪ್. ಬಿದ್ದ ನೀರಿನ ಕಸುವು ಅಡಗಲೆಂದು ಕೆಳಗೆ ಗಟ್ಟಿ ತಳ ಹಾಕುತ್ತಾರೆ. ಅಂದರೆ ದಶಕಗಳ ಕಾಲ ಆ ಶಕ್ತಿಯನ್ನು ನೊರೆಯಾಗಿಸಿ ಕಳೆಯಲೆಂದೇ ದುಡ್ಡು ಖರ್ಚಾಯಿತು.

1990ರ ದಶಕದ ಆರಂಭದಲ್ಲಿ ಈ ಕಾಲುವೆಯ ನೀರಿಗೆ ಟರ್ಬೈನುಗಳು ಬಂದವು. ಸಿರವಾರದಲ್ಲಿ 1 ಮೆಗಾವಾಟ್, ಕಲಮಲದಲ್ಲಿ 400 ಕಿಲೋವಾಟ್, ಗಣೇಕಲ್‌ನಲ್ಲಿ 350 ಕಿಲೋವಾಟ್, ಕಾಲುವೆಯ ಮೇಲ್ಭಾಗದ ಮಲ್ಲಾಪುರದಲ್ಲಿ 9 ಮೆಗಾವಾಟ್. ಲೆಕ್ಕ ಸರಳ. ಸೆಕೆಂಡಿಗೆ ಒಂದು ಘನ ಮೀಟರ್ ನೀರು ಒಂದು ಮೀಟರ್ ಕೆಳಗೆ ಬಿದ್ದರೆ, ಯಂತ್ರದ ನಷ್ಟ ಕಳೆದು ಸುಮಾರು 8 ಕಿಲೋವಾಟ್ ಕೈಗೆ ಬರುತ್ತದೆ. ಐದು ಮೀಟರ್ ಬೀಳುವ ಕಡೆ 400 ಕಿಲೋವಾಟ್ ಬೇಕೆಂದರೆ ಸೆಕೆಂಡಿಗೆ ಹತ್ತು ಘನ ಮೀಟರ್ ನೀರು ಹರಿಯಲೇಬೇಕು. ಎತ್ತರ ಕಡಿಮೆಯಾದಷ್ಟೂ ನೀರು ಹೆಚ್ಚು ಬೇಕು.

ತೊಡಕು ಇರುವುದು ಅಲ್ಲೇ. ಜೋಳ, ಹತ್ತಿಯಂಥ ಬೆಳೆ ನಂಬಿ ಯೋಜಿಸಿದ ಕಾಲುವೆಯ ಮೇಲ್ಭಾಗವನ್ನು ಭತ್ತ ಆವರಿಸಿತು. ಜಲಾಶಯದಲ್ಲಿ ಹೂಳು ತುಂಬಿ, ಮೊದಲು ಸುಮಾರು 133 ಟಿಎಂಸಿ ಇದ್ದ ಸಾಮರ್ಥ್ಯ 105ರ ಆಸುಪಾಸಿಗೆ ಇಳಿಯಿತು. ಕೆಳಭಾಗದ ಮಾನ್ವಿ, ರಾಯಚೂರಿನ ರೈತ ನೀರಿಗಾಗಿ ರಸ್ತೆಗಿಳಿಯುವ ದಿನಗಳಲ್ಲಿ ಕೆಳಭಾಗದ ಟರ್ಬೈನಿಗೂ ನೀರಿನ ಕೊರತೆಯೇ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದಾಗ ಇಡೀ ಕಾಲುವೆಯ ಜನ ಉಸಿರು ಬಿಗಿಹಿಡಿದರು.

ಅದೇ ಭತ್ತ ಒಂದು ಉರುವಲನ್ನೂ ಕೊಟ್ಟಿದೆ. ಭತ್ತದ ತೂಕದಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲು ಹೊಟ್ಟು. ಕುಚ್ಚಲಕ್ಕಿ ಮಿಲ್ಲುಗಳ ಬಾಯ್ಲರಿಗೆ ಅದೇ ಸೌದೆ.

ಕಾಲುವೆಗೆ ಕೊನೆಯಿರುವಂತೆ ಕರೆಂಟಿನ ತಂತಿಗೂ ಕೊನೆಯಿದೆ. ಉದ್ದ ತಂತಿಯ ತುದಿಗೆ ಹೋಗುವಷ್ಟರಲ್ಲಿ ವೋಲ್ಟೇಜ್ ಕುಸಿಯುತ್ತದೆ, ಪಂಪ್‌ಸೆಟ್ ಹೆಚ್ಚು ಕರೆಂಟು ಎಳೆದು ಮೋಟಾರು ಸುಟ್ಟುಹೋಗುತ್ತದೆ. ಇದಕ್ಕೆ ಉತ್ತರವಾಗಿ ನಿಗಮ ಹಳ್ಳಿಯ ಫೀಡರಿಗೇ ಸೌರವಿದ್ಯುತ್ ಸೇರಿಸುವ 3 ಮೆಗಾವಾಟ್ ಘಟಕಗಳನ್ನು ಕಟ್ಟಿತು. ಕೋಲಾರದ ಯಳೇಸಂದ್ರ, ಬೆಳಗಾವಿಯ ಇಟ್ನಾಳದ ಬೆನ್ನಿಗೇ ರಾಯಚೂರು ತಾಲ್ಲೂಕಿನ ಯಾಪಲದಿನ್ನಿಯ ಸರದಿ ಬಂತು. ರಾಯಚೂರಿನ ಬಿಸಿಲಿಗೆ ಸೋಲಾರ್ ಹೇಳಿ ಮಾಡಿಸಿದ್ದು ಎನ್ನುವವರಿದ್ದಾರೆ. ಅದು ಅರ್ಧ ನಿಜ. ಫಲಕಕ್ಕೆ ಬೇಕಾದದ್ದು ಬೆಳಕು, ಕಾವಲ್ಲ. 25 ಡಿಗ್ರಿ ಮೀರಿದ ಪ್ರತಿ ಡಿಗ್ರಿಗೂ ಸಿಲಿಕಾನ್ ಫಲಕ ತನ್ನ ಉತ್ಪಾದನೆಯಲ್ಲಿ ಸುಮಾರು ಶೇ 0.4 ಕಳೆದುಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ಫಲಕ 65 ಡಿಗ್ರಿ ಕಾದರೆ ಶೇ 16ರಷ್ಟು ಅಲ್ಲೇ ಹೋಯಿತು.

ಸಿರವಾರ, ಕಲಮಲ, ಗಣೇಕಲ್ ಮೂರೂ ಕೂಡಿದರೆ 1.75 ಮೆಗಾವಾಟ್, ಶಕ್ತಿನಗರದ ಒಂದು ಘಟಕದ ನೂರನೇ ಒಂದು ಪಾಲೂ ಅಲ್ಲ. ಆದರೂ ಅವುಗಳಿಗಾಗಿ ಹೊಸ ಅಣೆಕಟ್ಟು ಕಟ್ಟಬೇಕಾಗಲಿಲ್ಲ. ಹೊಸ ಸೌರ ಪಾರ್ಕುಗಳ ಘೋಷಣೆಗೆ ಮುನ್ನ ಸರ್ಕಾರ 104ನೇ ಮೈಲಿನ ಗೇಜ್ ಸರಿಪಡಿಸಲಿ. ಆ ನೀರು ಬಂದರೆ ಕೆಳಭಾಗದ ಹೊಲವೂ ನೆನೆಯುತ್ತದೆ, ಟರ್ಬೈನೂ ತಿರುಗುತ್ತದೆ.