ಥೈರಾಯಿಡ್ ಶಸ್ತ್ರಚಿಕಿತ್ಸೆಯ ಮಿತಿ: ಒಂದು ಐತಿಹಾಸಿಕ ವಿವೇಚನೆ

ಒಂದು ಚಿಕಿತ್ಸೆಯ ಸಿದ್ಧಿಯೇ ಮುಂದಿನ ಸಮಸ್ಯೆಗೆ ಬೀಜವಾಗುವುದುಂಟು. ಕೊರಳಿನ ಥೈರಾಯಿಡ್ ಗ್ರಂಥಿಯ ಚಿಕಿತ್ಸೆ ಇದಕ್ಕೆ ನಿದರ್ಶನ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಥಿಯೋಡೋರ್ ಕೋಖರನು ಗಳಗಂಡದ ಶಸ್ತ್ರಕ್ರಿಯೆಯ ಅಪಾಯವನ್ನು ಬಹಳವಾಗಿ ತಗ್ಗಿಸಿದನು. ಈ ಗ್ರಂಥಿಯ ಕುರಿತ ಕಾರ್ಯಕ್ಕಾಗಿ 1909ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಆದರೆ ಅವನು ತನ್ನ ಹಳೆಯ ರೋಗಿಗಳನ್ನು ಮರಳಿ ಕರೆಸಿ ಪರೀಕ್ಷಿಸಿದಾಗ, ಗ್ರಂಥಿಯನ್ನು ಪೂರ್ಣವಾಗಿ ಕಳೆದುಕೊಂಡವರಲ್ಲಿ ಬಹುಮಂದಿ ದೇಹ ಬುದ್ಧಿಗಳೆರಡರಲ್ಲಿಯೂ ಜಡರಾಗಿದ್ದರು. ಇದನ್ನು 1883ರಲ್ಲಿ ಅವನೇ ಪ್ರಕಟಿಸಿದನು.

ಆ ಎಚ್ಚರಿಕೆ ಶತಮಾನದ ಬಳಿಕ ಬೇರೊಂದು ರೂಪದಲ್ಲಿ ಮರಳಿತು. ದಕ್ಷಿಣ ಕೊರಿಯಾದಲ್ಲಿ ಅಲ್ಟ್ರಾಸೌಂಡ್ ತಪಾಸಣೆ ಹಬ್ಬಿದುದರಿಂದ, 1993 ಮತ್ತು 2011ರ ನಡುವೆ ಥೈರಾಯಿಡ್ ಕ್ಯಾನ್ಸರಿನ ಪತ್ತೆ 15 ಪಟ್ಟಾಯಿತು. ಮರಣಪ್ರಮಾಣ ಮಾತ್ರ ಬದಲಾಗಲಿಲ್ಲ. ಆದರೂ ಬಹುತೇಕ ಎಲ್ಲರೂ ಶಸ್ತ್ರಕ್ಕೆ ಕೊರಳೊಡ್ಡಿದರು. ಕೆಲವರಿಗೆ ಧ್ವನಿನರದ ಆಘಾತ, ಕ್ಯಾಲ್ಸಿಯಂ ಕೊರತೆ. ಅನೇಕರಿಗೆ ಜೀವಮಾನದ ಔಷಧ.

ಜಪಾನಿನ ಕೋಬೆ ನಗರದ ಕುಮಾ ಆಸ್ಪತ್ರೆಯವರು 1993ರಿಂದ, 1 ಸೆಂಟಿಮೀಟರ್ ಮೀರದ, ಅಪಾಯ ಕಡಮೆಯಾದ ಕ್ಯಾನ್ಸರ್ ಗಂಟುಗಳನ್ನು ಕತ್ತರಿಸದೆ ಗಮನಿಸುತ್ತ ಬಂದರು, ಹೆಚ್ಚಿನವು ಬೆಳೆಯಲಿಲ್ಲ. ಕಾಯುವುದಕ್ಕೂ ಕತ್ತರಿಸುವುದಕ್ಕೂ ನಡುವಣ ಮಾರ್ಗವೇ ಅಬ್ಲೇಶನ್. ಅಲ್ಟ್ರಾಸೌಂಡಿನಲ್ಲಿ ನೋಡುತ್ತ ಸೂಜಿಯನ್ನು ಚುಚ್ಚಿ, ಗಂಟನ್ನೂ ಅದರ ಅಂಚನ್ನೂ ಶಾಖದಿಂದ ಸುಡುವ ಕ್ರಮವಿದು. ಗ್ರಂಥಿಯ ಬಹುಭಾಗ ಉಳಿಯುತ್ತದೆ. ಆದರೆ ಕತ್ತರಿಸಿ ತೆಗೆದ ಗಂಟಿನಂತೆ, ಸುಟ್ಟುದನ್ನು ಸೂಕ್ಷ್ಮದರ್ಶಕದಡಿ ಸಮಗ್ರವಾಗಿ ಪರೀಕ್ಷಿಸಲಾಗದು. ನೆರೆಯ ದುಗ್ಧಗ್ರಂಥಿಗಳಲ್ಲಿ ಅಡಗಿದ ರೋಗಕಣಗಳು ಅದಕ್ಕೆ ಎಟುಕವು.

ಶಸ್ತ್ರದ ಬೆಲೆ ತಿಳಿದುದು ರೋಗಿಗಳನ್ನು ವರ್ಷಗಳ ಮೇಲೆ ಮರಳಿ ಕಂಡಾಗ. ಸೂಜಿಯ ಬೆಲೆಯನ್ನೂ ಹಾಗೆಯೇ ಅರಿಯಬೇಕು.