ನವ್ಯಕಾವ್ಯದಲ್ಲಿ ಪ್ರತಿಮೆ

ಸ್ವಾತಂತ್ರ್ಯಾನಂತರದ ವರ್ಷಗಳಲ್ಲಿ ಕನ್ನಡ ಕಾವ್ಯದಲ್ಲಿ ರೂಪುಗೊಂಡ ಹೊಸ ಮಾರ್ಗವನ್ನು ‘ನವ್ಯ’ ಎಂದು ಕರೆಯಲಾಗುತ್ತದೆ. ಪ್ರಕೃತಿಯ ಸೊಬಗನ್ನೂ ನಾಡಿನ ಏಳಿಗೆಯ ಕನಸನ್ನೂ ಹಾಡಿದ ನವೋದಯ ಕಾವ್ಯದ ಭಾಷೆಯು 1947ರ ನಂತರದ ಭ್ರಮನಿರಸನವನ್ನು ಹಾಗೂ ಸಂಪ್ರದಾಯದ ಬಗೆಗಿನ ಸಂದೇಹವನ್ನು ಹೇಳಲು ಸಾಲದೆಂದು ನವ್ಯಕವಿಗಳು ಭಾವಿಸಿದರು.

ಈ ಮಾರ್ಗದ ಪ್ರಮುಖ ಕವಿ, ಇಂದಿನ ಉಡುಪಿ ಜಿಲ್ಲೆಯ ಮೊಗೇರಿಯಲ್ಲಿ ಜನಿಸಿದ ಎಂ. ಗೋಪಾಲಕೃಷ್ಣ ಅಡಿಗರು (1918-1992). 1954ರಲ್ಲಿ ಪ್ರಕಟವಾದ ಇವರ ‘ಚಂಡೆಮದ್ದಳೆ’ ಸಂಕಲನವು ಯಕ್ಷಗಾನದ ವಾದ್ಯಗಳ ಹೆಸರನ್ನು ಹೊತ್ತಿದೆ. ನವೋದಯದ ಇಂಪಾದ ಲಯಕ್ಕೆ ಬದಲಾಗಿ ಬಿರುಸಾದ ಮಾತಿನ ಲಯವನ್ನು ಇದರಲ್ಲಿ ಕಾಣಬಹುದು.

ನವ್ಯಕಾವ್ಯದಲ್ಲಿ ಪ್ರತಿಮೆಯು ಕೇವಲ ಅಲಂಕಾರವಲ್ಲ. ಕವಿಯ ಚಿಂತನೆಯು ಪ್ರತಿಮೆಯ ಮೂಲಕವೇ ಸಾಗುತ್ತದೆ. ಅಡಿಗರ ‘ಭೂತ’ ಕವಿತೆಯು ಇದಕ್ಕೆ ಉತ್ತಮ ನಿದರ್ಶನವಾಗಿದೆ. ಶೀರ್ಷಿಕೆಗೆ ಗತಕಾಲ ಮತ್ತು ಪ್ರೇತ ಎಂಬ ಎರಡೂ ಅರ್ಥಗಳಿವೆ. ಬಾವಿಯಲ್ಲಿ ಕೊಳೆಯುವ ನೀರು ಆವಿಯಾಗಿ ಮೇಲೇರಿ, ಮಳೆಯಾಗಿ ಮರಳಿ ಪೈರನ್ನು ಬೆಳೆಸುತ್ತದೆ. ನೆಲವನ್ನು ಅಗೆದಾಗ ಮೊದಲು ಮಣ್ಣು, ಆಳದಲ್ಲಿ ಚಿನ್ನದ ಅದಿರು ದೊರೆಯುತ್ತದೆ. ಅದನ್ನು ಶೋಧಿಸಿ ವಿಗ್ರಹವಾಗಿಸುವ ಕಸುಬನ್ನು ಕಲಿಯಬೇಕಾಗುತ್ತದೆ.

ಹಳೆಯದನ್ನು ಕುರುಡಾಗಿ ಪೂಜಿಸುವುದೂ ಪೂರ್ತಿ ತೊರೆಯುವುದೂ ಪರಿಹಾರವಲ್ಲ, ಅದನ್ನು ಪರೀಕ್ಷಿಸಿ ಇಂದಿನ ಬಾಳಿಗೆ ಒದಗಿಸಿಕೊಳ್ಳಬೇಕು ಎಂಬ ನಿಲುವು ಈ ಪ್ರತಿಮೆಗಳಿಂದ ಹೊರಡುತ್ತದೆ. ಬದಲಾಗುತ್ತಿದ್ದ ಸಮಾಜಕ್ಕೆ ಕವಿಯು ನೀಡಿದ ಈ ಉತ್ತರವು ಉಪದೇಶವಾಗಿರದೆ ಬಾವಿ, ಗದ್ದೆ, ಕುಲುಮೆಗಳಂತಹ ಪರಿಚಿತ ವಸ್ತುಗಳ ಮೂಲಕ ಮೂಡಿರುವುದು ನವ್ಯಕಾವ್ಯದ ವೈಶಿಷ್ಟ್ಯವಾಗಿದೆ.

ಅಡಿಗರ ‘ವರ್ಧಮಾನ’ ಕೃತಿಗೆ 1974ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯು ಲಭಿಸಿತು.